ಯಾರಿಗೂ ಸಿಗದ ಹೋರಿ

ನಮ್ಮ ಕೇಬಲ್ ಆಫೀಸಿಗೆ ಬರುವ ದೂರುಗಳೆಲ್ಲ ಹೆಚ್ಚುಕಡಿಮೆ ಒಂದೇ ಜಾತಿಯವು. ಚಿತ್ರ ಬರುತ್ತಿಲ್ಲ, ಚಿತ್ರ ಬಂದರೆ ಧ್ವನಿ ಇಲ್ಲ, ಎರಡೂ ಬಂದರೆ ಸರಿಯಾಗಿ ಧಾರಾವಾಹಿಯ ಹೊತ್ತಿಗೇ ನಿಂತುಹೋಯಿತು. ಹೀಗಾಗಿ ಹಿರೇಬೆಂಡಿಗೇರಿಯಿಂದ ಒಬ್ಬರು ಫೋನ್ ಮಾಡಿ "ನಿಮ್ಮ ಚಾನಲ್ ನನಗ ಕಾಣವಲ್ದು" ಅಂದಾಗ ನಾನು ಎಂದಿನಂತೆ ಬಾಕ್ಸ್ ನಂಬರು ಬರೆದುಕೊಂಡು ಲೈನ್‌ಮನ್‌ನನ್ನು ಕಳಿಸಿದೆ. ಅವನು ಮಧ್ಯಾಹ್ನ ಅಕ್ಕಿಆಲೂರಿಗೆ ಮರಳಿ ಬಂದವನೇ ಹೆಲ್ಮೆಟ್ಟನ್ನು ಟೇಬಲ್ಲಿನ ಮೇಲೆ ಕುಕ್ಕಿದ.

"ಬಾಕ್ಸ್ ಚಲೋ ಐತ್ರಿ ಅಕ್ಕಾರ, ವೈರೂ ಚಲೋ ಐತಿ. ಅವರಿಗೆ ಕಣ್ಣ ಇಲ್ಲ."

ಆಫೀಸಿನಲ್ಲಿದ್ದವರೆಲ್ಲ ನಕ್ಕರು. ನಾನೂ ನಕ್ಕೆ, ಸುಳ್ಳು ಯಾಕೆ ಹೇಳಲಿ. ಸಂಜೆ ಅದೇ ಮನುಷ್ಯರ ಫೋನು ಮತ್ತೆ ಬಂತು.

"ನಾ ವೈರಿನ ಮಾತು ಹೇಳ್ಲಿಲ್ಲವಾ. ಹೋರಿ ಹಬ್ಬ ಹಾಕ್ತೀರಲ್ಲ, ಅದರಾಗ ಮೈಕಿನಾಂವ ಬಂತು ಬಂತು ಬಂತು ಅಂತಾನ, ಆಮ್ಯಾಲ ಹೋತು ಅಂತಾನ. ಬಂದದ್ದಕ್ಕೂ ಹೋದದ್ದಕ್ಕೂ ನಡುವ ಏನಾತು? ಅದನ್ನ ಹೇಳಾವ್ರು ಯಾರು?"

ನಮ್ಮ ಕಡೆ ದೀಪಾವಳಿ ಕಳೆದ ಮೇಲೆ ಊರೂರಿಗೆ ಹೋರಿ ಹಬ್ಬ. ಕೊರಳಿಗೆ ಒಣ ಕೊಬ್ಬರಿಯ ಹಾರ, ಕೋಡಿಗೆ ಬಲೂನು, ಬೆನ್ನ ಮೇಲೆ ಬಣ್ಣದ ಜೂಲು ಕಟ್ಟಿದ ಹೋರಿಯನ್ನು ಊರ ದಾರಿಯಲ್ಲಿ ಓಡಲು ಬಿಡುತ್ತಾರೆ. ಎರಡೂ ಬದಿಗೆ ನಿಂತ ಗಂಡಸರು ಮೈಮೇಲೆ ಬಿದ್ದು ಕೊಬ್ಬರಿ ಕಿತ್ತುಕೊಳ್ಳಲು ನೋಡುತ್ತಾರೆ. ಯಾರ ಕೈಗೂ ಸಿಗದೆ ಪಾರಾದ ಹೋರಿಗೆ ಮಾನ. ಹಾನಗಲ್ಲು, ಶಿಗ್ಗಾವಿ, ಸವಣೂರು, ಹಿರೇಕೆರೂರು ನಾಲ್ಕೂ ತಾಲ್ಲೂಕಿಗೆ ನಮ್ಮ ಚಾನಲ್ ಅದನ್ನು ನೇರವಾಗಿ ತೋರಿಸುತ್ತದೆ. ನಾನು ಅಲ್ಲಿ ಸ್ಥಳೀಯ ಸುದ್ದಿ ಓದುವವಳು, ಜಾಹೀರಾತು ಟೈಪ್ ಮಾಡುವವಳು. ಅಖಾಡದ ಕೆಲಸ ನನ್ನದಲ್ಲ. ಹೆಣ್ಣುಮಕ್ಕಳು ಹೋರಿ ಹಬ್ಬ ನೋಡುವುದು ಮಾಳಿಗೆಯ ಮೇಲಿಂದ, ನಾನೂ ಹುಟ್ಟಿದಾಗಿನಿಂದ ಅಲ್ಲಿಂದಲೇ ನೋಡಿದವಳು.

ಆದರೂ ಆ ಪ್ರಶ್ನೆ ಬಿಡಲಿಲ್ಲ. ಮಾಲಕರ ಮುಂದೆ ಹೋಗಿ ನಿಂತೆ. ನಮಗೆ ಎರಡು ಚಾನಲ್ ಇವೆ, ಒಂದರಲ್ಲಿ ಸುದ್ದಿ, ಇನ್ನೊಂದರಲ್ಲಿ ದಿನವಿಡೀ ಸಿನಿಮಾ. ಹೋರಿ ಹಬ್ಬದ ದಿನ ಸಿನಿಮಾ ನಿಲ್ಲಿಸಿ ಅಲ್ಲೂ ಅದೇ ಚಿತ್ರ ಹಾಕೋಣ, ಆದರೆ ಧ್ವನಿ ಬೇರೆ ಇರಲಿ, ಕಣ್ಣು ಕಾಣದವರಿಗೆ ನಾನು ನೋಡಿ ಹೇಳುತ್ತೇನೆ ಅಂದೆ.

"ಟಿವಿ ಅಂದ್ರ ನೋಡೋ ಸಾಮಾನ್ರಿ ಮೇಡಂ," ಅಂದರು ಮಾಲಕರು. "ನಾಳೆ ಕಿವಿ ಕೇಳದವರು ಬಂದು ರೇಡಿಯೋ ಕೇಳಸ್ರಿ ಅಂತಾರ, ಏನ್ ಮಾಡ್ತೀರಿ?"

"ಅವರಿಗೂ ಬರದು ತೋರಸೂಣ್ರಿ."

ಅವರು ನಕ್ಕು, ಮೂರು ಹಬ್ಬದ ಮಟ್ಟಿಗೆ ನೋಡೋಣ ಅಂದರು.

ಎರಡು ಬಸ್ಸು ಬದಲಿಸಿ ಹಿರೇಬೆಂಡಿಗೇರಿಗೆ ಹೋದೆ. ಫೋನ್ ಮಾಡಿದವರಿಗೆ ಅರವತ್ತು ದಾಟಿರಬೇಕು. ಸಕ್ಕರೆ ಕಾಯಿಲೆ ನಾಲ್ಕು ವರ್ಷದ ಹಿಂದೆ ಎರಡೂ ಕಣ್ಣು ತಿಂದಿತ್ತು. ಊರಲ್ಲಿ ಎಲ್ಲರಿಗೂ ಅವರು ಕಾಕಾ, ಮೊದಲ ದಿನವೇ ನನಗೂ ಕಾಕಾ ಆದರು. ಅವರು ಕೂತ ಜಾಗದಿಂದ ಕೈಯಳತೆಯಲ್ಲಿ ದನದ ಕೊಟ್ಟಿಗೆ, ಅದರಲ್ಲಿ ಒಂದೇ ಒಂದು ಹೋರಿ. ಅಖಾಡದಲ್ಲಿ ಅದರ ಹೆಸರು ಬಿರುಗಾಳಿ, ಮನೆಯಲ್ಲಿ ಸಣ್ಣಪ್ಪ. ಕರು ಇದ್ದಾಗಿನಿಂದ ಕಾಕಾ ಸಾಕಿದ್ದು. ಕಣ್ಣು ಹೋದ ಮೇಲೆ ಅದನ್ನು ಓಡಿಸಲು ಒಯ್ಯುತ್ತಿದ್ದವನು ಅವರ ತಮ್ಮ. ನಾನು ಮೇವು ಹಿಡಿದು ಹತ್ತಿರ ಹೋದರೆ ಕೋಡು ಬೀಸಿತು. ಕಾಕಾ ಕೂತಲ್ಲಿಂದಲೇ "ಏ ಸಣ್ಣಪ್ಪಾ" ಅಂದರು. ಅಷ್ಟೇ. ಅದು ತಲೆ ತಗ್ಗಿಸಿ, ಹಗ್ಗ ಜಗ್ಗಿಕೊಂಡು ಬಂದು ಅವರ ಎದೆಗೆ ಹಣೆ ಒತ್ತಿತು.

"ಕಣ್ಣ ಹೋದ ಮ್ಯಾಲ ಇಂವ ಓಡೂದು ನಾ ಒಮ್ಮೆನೂ ನೋಡಿಲ್ಲ," ಅಂದರು. "ತಮ್ಮ ಬಂದು ಚಲೋ ಓಡಿತಣ್ಣ ಅಂತಾನ. ಚಲೋ ಅಂದ್ರ ಹೆಂಗ? ಈ ವರ್ಷ ಇದರ ಕಡೀ ಓಟ, ವಯಸ್ಸಾತು. ಒಂದ ಸಲ ತೋರಸು ತಂಗಿ."

ಆ ಮೇಲೆ ಮೂರು ವಾರ ಹಳೆಯ ರೆಕಾರ್ಡಿಂಗುಗಳನ್ನು ಲ್ಯಾಪ್‌ಟಾಪಿನಲ್ಲಿ ಹಾಕಿಕೊಂಡು ಅವರ ಮುಂದೆ ಕೂತು ಕಲಿತೆ. ಕಲಿಸಿದವರು ಅವರು. "ಸುಂದರವಾಗಿ ಅಲಂಕರಿಸಿದ ಹೋರಿಯೊಂದು ಅಖಾಡಕ್ಕೆ ಬರುತ್ತಿದೆ" ಎಂದು ಸುದ್ದಿ ಓದುವ ಗತ್ತಿನಲ್ಲಿ ಶುರುಮಾಡಿದೆ.

"ನಿಂದ್ರಸು," ಅಂದರು. "ಸುಂದರ ಅಂದ್ರ ಎಂಥಾದ್ದು? ಬಣ್ಣ ಏನು? ಕೋಡಿಗೆ ಏನ್ ಕಟ್ಟ್ಯಾರ? ಸುಂದರ ಹೌದೋ ಅಲ್ಲೋ ನಾ ನೋಡ್ಕೋತೇನಿ, ನೀ ಕಂಡದ್ದು ಹೇಳು."

"ಬಲಕ್ಕೆ ತಿರುಗಿತು" ಅಂದೆ.

"ಯಾರ ಬಲಕ್ಕ? ನಿನ್ನ ಬಲಕ್ಕೋ, ಹೋರಿ ಬಲಕ್ಕೋ?"

ಅಂದಿನಿಂದ ಎಡಬಲಗಳೆಲ್ಲ ಹೋರಿಯವೇ ಆದವು. ಒಂದು ಹೋರಿ ಅಖಾಡದಲ್ಲಿ ಇರುವುದು ಹತ್ತು ಹನ್ನೆರಡು ಸೆಕೆಂಡು. ನನ್ನ ಉದ್ದ ವಾಕ್ಯದಲ್ಲಿ ಕೊನೆಯ ಕ್ರಿಯಾಪದ ಬರುವಷ್ಟರಲ್ಲಿ ಹೋರಿ ಪಕ್ಕದ ಊರು ಸೇರಿರುತ್ತಿತ್ತು. ಹಾಗಾಗಿ ಮಾತನ್ನು ತುಂಡು ಮಾಡಿದೆ. ಬಿಟ್ಟರು. ನಡುದಾರಿ. ಇಬ್ಬರು ಎಡಗಡೆಯಿಂದ. ಕೈ ತಾಗಿತು. ಹಾರ ಹರಿಯಲಿಲ್ಲ. ಇನ್ನೊಂದು ಪಾಠ ಗೆಜ್ಜೆಯದು. ಹೋರಿಯ ಕೊರಳಿನ ಗೆಜ್ಜೆಸರದ ಮೇಲೆ ನನ್ನ ಮಾತು ಬಿದ್ದರೆ ಕಾಕಾ ಸಿಟ್ಟಾಗುತ್ತಿದ್ದರು. ಅದೊಂದು ತಮಗೇ ಕೇಳಿ ತಿಳಿಯುತ್ತದೆ, ನಡಿಗೆಯೋ ಓಟವೋ, ದಣಿದಿದೆಯೋ ಇಲ್ಲವೋ ಅದರಲ್ಲೇ ಇರುತ್ತದೆ, ಅಲ್ಲಿ ನನ್ನ ಬಾಯಿ ಬೇಡ ಅನ್ನುತ್ತಿದ್ದರು. ನನ್ನ ವಹಿಯ ಮೊದಲ ಪುಟದಲ್ಲಿ ಅವರು ಹೇಳಿ ಬರೆಸಿದ ಮೂರು ಸಾಲು ಇನ್ನೂ ಇವೆ: ಕಂಡದ್ದು ಹೇಳು. ಕಾಣದ್ದು ಹೇಳಬ್ಯಾಡ. ಕಂಡದ್ದನ್ನ ನುಂಗಬ್ಯಾಡ.

ಮೊದಲ ಹಬ್ಬ ಹಾನಗಲ್ಲು ತಾಲ್ಲೂಕಿನಲ್ಲಿ. ಒಂದು ಮನೆಯ ಮಾಳಿಗೆಯ ಮೇಲೆ ಕ್ಯಾಮೆರಾ, ಅದರ ಪಕ್ಕ ನಾನು, ಮುಂದೆ ಸಣ್ಣ ಮಿಕ್ಸರ್. ಅದರ ಒಂದು ಗುಂಡಿ ಅಖಾಡದ ಸದ್ದಿನದು, ಅದು ಎಡಗೈಯಲ್ಲಿ. ಇನ್ನೊಂದು ನನ್ನ ಧ್ವನಿಯದು, ಅದು ಬಲಗೈಯಲ್ಲಿ. ಗೆಜ್ಜೆ ಹತ್ತಿರ ಬಂದಾಗ ಎಡಗೈ ಏರಿಸಬೇಕು, ಪಟಾಕಿ ಹೊಡೆದಾಗ ಇಳಿಸಬೇಕು. ಅವತ್ತು ಪಟಾಕಿಗೆ ಏರಿಸಿದೆ, ಗೆಜ್ಜೆಗೆ ಇಳಿಸಿದೆ, ಒಂದು ಹೋರಿಯ ಹೆಸರನ್ನು ಇನ್ನೊಂದಕ್ಕೆ ಹೇಳಿದೆ. ಸಿನಿಮಾ ನೋಡುವವರು ಫೋನ್ ಮಾಡಿ ಮಾಲಕರನ್ನು ಬೈದರು. ಕಾಕಾ ಸಂಜೆ ಫೋನ್ ಮಾಡಿ ತಪ್ಪುಗಳ ಪಟ್ಟಿ ಕೊಟ್ಟರು, ಹದಿನೇಳು ಇದ್ದವು. ಬರೆದುಕೊಂಡೆ. ಎರಡನೇ ಹಬ್ಬಕ್ಕೆ ಒಂಬತ್ತಾದವು. ಆ ಹೊತ್ತಿಗೆ ಸವಣೂರಿನಿಂದಲೂ ಒಬ್ಬ ಹೆಣ್ಣುಮಗಳ ಫೋನು ಬರತೊಡಗಿತ್ತು. ಹುಟ್ಟಾ ಕಣ್ಣಿಲ್ಲದವಳು, ಹೋರಿಯನ್ನು ಒಮ್ಮೆಯೂ ಮುಟ್ಟಿದವಳಲ್ಲ. "ಇಣಿ ಅಂತೀರಲ್ರಿ, ಬೆನ್ನ ಮ್ಯಾಲಿನ ಡುಬ್ಬ, ಅದು ಎಷ್ಟ ದೊಡ್ಡದಿರತೈತ್ರಿ? ಮೆತ್ತಗಿರತೈತೇನ್ರಿ?" ಎಂದು ಕೇಳುತ್ತಿದ್ದಳು. ಈ ಕೆಲಸಕ್ಕೆ ಕೈಹಾಕಿದ್ದು ಒಳ್ಳೆಯದಾಯಿತು ಅಂತ ಆ ದಿನಗಳಲ್ಲಿ ನನಗೆ ಒಳಗೊಳಗೇ ಹೆಮ್ಮೆ ಇತ್ತು.

ಇಲ್ಲಿ ಒಂದು ರೂಢಿಯ ಮಾತು ಹೇಳಬೇಕು. ಹೋರಿ ಬಿಡುವ ದಾರಿಯಲ್ಲಿ ಅಶುಭ ನುಡಿಯಬಾರದು. ಹೋರಿ ಮುಗ್ಗರಿಸಿದರೆ, ಬಿದ್ದರೆ, ಮೈಕಿನವನು ಅದನ್ನು ಬಾಯಿಂದ ಆಡುವುದಿಲ್ಲ. "ಯಾರಿಗೂ ಸಿಗಲಿಲ್ಲ! ಮುಂದಿನ ಹೋರಿ!" ಅನ್ನುತ್ತಾನೆ. ಹಲಗೆಯವರು ಜೋರಾಗಿ ಬಾರಿಸುತ್ತಾರೆ, ಕ್ಯಾಮೆರಾ ಮುಂದಿನ ಹೋರಿಯ ಕಡೆ ತಿರುಗುತ್ತದೆ. ಎರಡನೇ ಹಬ್ಬದಲ್ಲಿ ಒಂದು ಎಳೆಯ ಹೋರಿ ಮಂಡಿಯೂರಿ ಬಿದ್ದಿತ್ತು. ಮಾಳಿಗೆಯ ಹೆಣ್ಣುಮಕ್ಕಳು ಬಾಯಿಗೆ ಸೆರಗು ಒತ್ತಿಕೊಂಡರು. ನಾನೂ ರೂಢಿಯಂತೆ "ಯಾರಿಗೂ ಸಿಗಲಿಲ್ಲ" ಅಂದು ಮುಂದಕ್ಕೆ ಹೋದೆ. ಕಾಕಾ ಕೊಟ್ಟ ಪಟ್ಟಿಯಲ್ಲಿ ಆ ತಪ್ಪು ಇರಲಿಲ್ಲ. ಅವರಿಗೆ ಕಂಡಿದ್ದರೆ ತಾನೇ ಇರುವುದು?

ಮೂರನೇ ಹಬ್ಬ ಹಿರೇಕೆರೂರು ತಾಲ್ಲೂಕಿನ ಒಂದು ಊರಿನಲ್ಲಿ. ಸಣ್ಣಪ್ಪ ಓಡುವುದು ಅಲ್ಲೇ. ಹಿಂದಿನ ದಿನ ಕಾಕಾ ಫೋನ್ ಮಾಡಿ, ಸಣ್ಣಪ್ಪನ ಕೊರಳಿಗೆ ಹಳೆಯ ಗೆಜ್ಜೆಸರವನ್ನೇ ತಾವೇ ಕಟ್ಟಿದ್ದಾಗಿ ಹೇಳಿದರು. ಅದರ ದನಿ ಗುರುತು ಸಿಗುತ್ತದೆಯಂತೆ. ಹಾದಿ ದೂರ, ಜನ ಜಾಸ್ತಿ, ಕಣ್ಣಿಲ್ಲದವರು ಅಲ್ಲಿ ಕಾಲ್ತುಳಿತಕ್ಕೆ ಸಿಗುತ್ತಾರೆ ಅಂತ ಮನೆಯವರು ಅವರನ್ನು ಕರೆದೊಯ್ಯಲಿಲ್ಲ.

"ನೀ ಅದಿಯಲ್ಲ, ಸಾಕು," ಅಂದರು.

ಮಧ್ಯಾಹ್ನ ಮೂರರ ಸುಮಾರಿಗೆ ಹೆಸರು ಕೂಗಿದರು. ನಾನು ನೀರು ಕುಡಿದು ಗಂಟಲು ಸರಿಮಾಡಿಕೊಂಡೆ. ಬಿರುಗಾಳಿ. ಬಿಳಿ ಮೈ, ಇಣಿ ಕಪ್ಪು. ಕೆಂಪು ಜೂಲು. ಕೋಡಿಗೆ ಹಳದಿ ಬಲೂನು, ಎರಡೂ ಕಡೆ. ಬಿಟ್ಟರು. ಎಡಗೈ ಏರಿಸಿದೆ, ಗೆಜ್ಜೆ ತುಂಬಿ ಬಂತು. ನಡುದಾರಿ. ತಲೆ ತಗ್ಗಿಸಿದೆ. ಇಬ್ಬರು ಬಲಗಡೆಯಿಂದ. ಕೈ ತಾಗಲಿಲ್ಲ. ಆ ಆರೇಳು ಸೆಕೆಂಡಿನಷ್ಟು ಚೆನ್ನಾಗಿ ನಾನು ಎಂದೂ ಹೇಳಿರಲಿಲ್ಲ. ಆಮೇಲೆ ಅದು ಎಡಕ್ಕೆ ವಾಲಿತು. ಜನರನ್ನು ತಡೆಯಲು ದಾರಿಯ ಬದಿಗೆ ಟ್ರ್ಯಾಕ್ಟರಿನ ಟ್ರೇಲರ್‌ಗಳನ್ನು ನಿಲ್ಲಿಸಿದ್ದರು. ಹಿಂಗಾಲು ಜಾರಿ, ಮೊದಲ ಟ್ರೇಲರಿನ ಮೂಲೆಗೆ ಬಡಿದು ಸಣ್ಣಪ್ಪ ಬಿದ್ದ.

"ಯಾರಿಗೂ ಸಿಗಲಿಲ್ಲ ಬಿರುಗಾಳಿ! ಮುಂದಿನ ಹೋರಿ!" ಎಂದು ಕೆಳಗೆ ಮೈಕು ಕೂಗಿತು. ಹಲಗೆ ಎದ್ದಿತು, ಕ್ಯಾಮೆರಾ ತಿರುಗಿತು. ನನಗೆ ಮಾತ್ರ ಎಲ್ಲವೂ ಕಾಣುತ್ತಿತ್ತು. ಬಾಯಿ ತೆರೆದೆ. ಹಿರೇಬೆಂಡಿಗೇರಿಯ ಆ ಮುಖ ಕಣ್ಣೆದುರು ಬಂತು.

"ಯಾರಿಗೂ ಸಿಗಲಿಲ್ಲ," ಅಂದೆ.

ಸುಳ್ಳೇನೂ ಅಲ್ಲ, ಯಾರ ಕೈಗೂ ಸಿಕ್ಕಿರಲಿಲ್ಲ. ಅಷ್ಟರಲ್ಲಿ ನನ್ನ ಎಡಗೈ ಹಲಗೆಯ ಸದ್ದನ್ನು ಪೂರ್ತಿ ಏರಿಸಿಬಿಟ್ಟಿತ್ತು. ಅದನ್ನು ನಾನೇ ಮಾಡಿದ್ದು, ಕೈಯ ಮೇಲೆ ಹಾಕಿ ಪ್ರಯೋಜನವಿಲ್ಲ.

ಇನ್ನೂ ಮೂವತ್ತಕ್ಕೂ ಹೆಚ್ಚು ಹೋರಿ ಬಾಕಿ ಇದ್ದವು. ಒಂದೊಂದನ್ನೂ ಹೇಳುತ್ತ ಹೋದೆ. ಜನ ಸೇರಿ ಸಣ್ಣಪ್ಪನನ್ನು ಮರದ ಹಲಗೆಯ ಮೇಲೆ ಎಳೆದುಕೊಂಡು ಶಾಲೆಯ ಹಿಂದಕ್ಕೆ ಒಯ್ದದ್ದು ಮಾಳಿಗೆಯಿಂದ ಕಂಡಿತು. ಮಡಿಲಲ್ಲಿದ್ದ ಮೊಬೈಲು ಎರಡು ಸಲ ಮಿನುಗಿತು, ಎರಡು ಸಲವೂ ಕಾಕಾ. ಎತ್ತಲಿಲ್ಲ. ಮೈಕಿನ ಮುಂದಿದ್ದೇನೆ, ಹೇಗೆ ಎತ್ತಲಿ ಅಂತ ನನಗೆ ನಾನೇ ಹೇಳಿಕೊಂಡೆ. ಎರಡು ಹೋರಿಗಳ ನಡುವೆ ಪುರುಸೊತ್ತು ಬೇಕಾದಷ್ಟಿತ್ತು. ನನಗೆ ಹೆದರಿಕೆಯಾಗಿತ್ತು.

ಐದು ದಾಟಿದ ಮೇಲೆ ಕೇಬಲ್ ಸುತ್ತಿಡುವುದನ್ನು ಬೇರೆಯವರಿಗೆ ಬಿಟ್ಟು ಕೆಳಗಿಳಿದೆ. ಶಾಲೆಯ ಗೋಡೆಗೆ ಒರಗಿ ಕಾಕಾ ಅವರ ತಮ್ಮ ಕೂತಿದ್ದ. ಮಡಿಲಲ್ಲಿ ಗೆಜ್ಜೆಸರ. ಆಚೆ ಕೆಂಪು ಜೂಲು ಹೊದಿಸಿ ಮಲಗಿಸಿದ್ದರು.

"ಅಣ್ಣ ಎಲ್ಲೀತನಕ ಬಂದಾನ್ರಿ?" ಅಂತ ಕೇಳಿದ.

"ಎಲ್ಲಿಗೆ?"

"ಇಲ್ಲಿಗ್ರಿ. ಈಗ ಹತ್ತು ನಿಮಿಷಾತು, ಜೀವ ಹೋತು. ಎರಡು ತಾಸು ಹಿಡಕೊಂಡಿತ್ತು. ಡಾಕ್ಟರು ಬಂದಿದ್ರು, ಸೂಜಿ ಮಾಡಾಕ ಹತ್ರ ಬಿಟ್ಟಕೊಳ್ಳಿಲ್ರಿ, ಮಕ್ಕೊಂಡ ಕೋಡು ಬೀಸತಿತ್ತು. ಅಣ್ಣನ ದನಿ ಒಂದ ಬೇಕಾಗಿತ್ತು."

"ನೀವು ಫೋನ್ ಮಾಡ್ಲಿಲ್ಲೇನು?"

ಅವನು ನನ್ನ ಮುಖ ನೋಡಿದ. "ನನ್ನ ಬಾಯಿಲೆ ಹೆಂಗ ಹೇಳ್ಲಿ ಅಂತ ಸುಮ್ನಾದೆ. ಟಿವ್ಯಾಗ ನೀವು ಹೇಳೇ ಹೇಳಿರ್ತೀರಿ, ಅಣ್ಣ ಯಾವುದಾರ ಗಾಡಿ ಹಿಡದು ಹೊಂಟಿರ್ತಾನ ಅಂತ ಕಾಯಕೋತ ಕುಂತೇನ್ರಿ."

ನಾನು ಅಲ್ಲೇ ನೆಲಕ್ಕೆ ಕೂತೆ. ಅವತ್ತು ಹಿರೇಬೆಂಡಿಗೇರಿಗೆ ಹೋಗುವ ಧೈರ್ಯವಾಗಲಿಲ್ಲ, ಮರುದಿನವೂ ಆಗಲಿಲ್ಲ. ನಾಲ್ಕನೇ ದಿನ ಹೋದೆ.

ಕಾಕಾ ಅದೇ ಜಾಗದಲ್ಲಿದ್ದರು. ಬಾಗಿಲಲ್ಲಿ ನಿಂತಿದ್ದ ಅವರ ಹೆಂಡತಿ ನನ್ನನ್ನು ಕಂಡು ಒಳಗೆ ಹೋದರು, ಬಾ ಅನ್ನಲಿಲ್ಲ. ಕಾಕಾ ಹೆಜ್ಜೆ ಸಪ್ಪಳದಲ್ಲೇ ಗುರುತು ಹಿಡಿದರು.

"ಬಾ ತಂಗಿ. ಕುಂದ್ರು."

ಕ್ಷಮೆ ಕೇಳಲು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಬಂದಿದ್ದೆ. ಒಂದೂ ಬರಲಿಲ್ಲ, ಅಳು ಬಂತು.

"ನಾ ಅವತ್ತ ಓಣಿ ತುಂಬ ಸಕ್ಕರಿ ಹಂಚಿದೆ," ಅಂದರು ಅವರು. "ಸಣ್ಣಪ್ಪ ಯಾರಿಗೂ ಸಿಗಲಿಲ್ಲ, ಟಿವ್ಯಾಗ ನಮ್ಮ ತಂಗಿ ಹೇಳ್ಯಾಳ ಅಂತ. ನಿನಗೂ ಅದಕ್ಕ ಫೋನ್ ಹಚ್ಚಿದ್ದೆ. ಚಲೋ ತೋರಿಸಿದಿ ಅಂತ ಹೇಳಾಕ."

ನಾನು ಅವರ ಮುಂದೆ ಕೂತೆ.

"ಎರಡು ತಾಸು ಇತ್ತಂತ. ಬರಾಕ ಆಗತಿರಲಿಲ್ಲ ಅಂದ್ರೂ, ಫೋನಾದ್ರೂ ಅದರ ಕಿವಿಗೆ ಹಿಡಿಬಹುದಿತ್ತು. ಏ ಸಣ್ಣಪ್ಪಾ ಅಂತಿದ್ದೆ. ಸೂಜಿ ಮಾಡಿಸಿಕೊಂಡು ಸುಖದಿಂದ ಹೋಗತಿತ್ತು." ಮತ್ತೆ ಅಂದರು, "ಗೆಜ್ಜಿ ನಿಂತದ್ದಾದ್ರೂ ನನಗ ತಿಳಿತಿತ್ತು. ಹಲಗಿ ಯಾಕ ಅಷ್ಟು ಜೋರಾತು ತಂಗಿ?"

"ನಾನ ಜೋರು ಮಾಡ್ದೆ, ಕಾಕಾ."

ಅವರು ತಲೆಯಾಡಿಸಿದರು. ಅದು ಅವರಿಗೆ ಗೊತ್ತಿತ್ತು ಅನಿಸುತ್ತದೆ. ಗೂಟಕ್ಕೆ ಹಾಕಿದ್ದ ಗೆಜ್ಜೆಸರವನ್ನು ತಡಕಿ ತೆಗೆದುಕೊಂಡು ತೊಡೆಯ ಮೇಲೆ ಇಟ್ಟುಕೊಂಡರು.

"ಈಗ ಹೇಳು."

ರೆಕಾರ್ಡಿಂಗಿನಲ್ಲಿ ಅದು ಇಲ್ಲ, ಕ್ಯಾಮೆರಾ ತಿರುಗಿತ್ತು. ಇದ್ದದ್ದು ನನ್ನ ಕಣ್ಣಲ್ಲಿ ಮಾತ್ರ. ಕಣ್ಣು ಮುಚ್ಚಿಕೊಂಡು, ಅವರು ಕಲಿಸಿದ ಹಾಗೆಯೇ ಹೇಳಿದೆ.

"ಬಿಟ್ಟರು. ನಡುದಾರಿ. ತಲೆ ತಗ್ಗಿಸಿದೆ. ಇಬ್ಬರು ಬಲಗಡೆಯಿಂದ. ಕೈ ತಾಗಲಿಲ್ಲ. ಎಡಕ್ಕೆ ವಾಲಿತು. ಹಿಂಗಾಲು ಜಾರಿತು. ಟ್ರೇಲರಿನ ಮೂಲೆ. ಬಿತ್ತು. ಮುಂದಿನ ಎಡಗಾಲು ಮುರಿದಿದೆ. ಗೆಜ್ಜೆ ನಿಂತಿತು. ಏಳಲು ನೋಡುತ್ತಿದೆ. ಆಗುತ್ತಿಲ್ಲ. ತಲೆ ಎತ್ತಿದೆ. ಆ ಕಡೆ ಈ ಕಡೆ ನೋಡುತ್ತಿದೆ."

"ಯಾರನ್ನ ನೋಡತಿತ್ತು?"

"ಅದು ನನಗ ಗೊತ್ತಿಲ್ಲ ಕಾಕಾ. ಕಾಣದ್ದು ಹೇಳಬ್ಯಾಡ ಅಂದೀರಿ."

ಕಾಕಾ ತೊಡೆಯ ಮೇಲಿನ ಗೆಜ್ಜೆಗಳನ್ನು ಒಂದೊಂದಾಗಿ ಬೆರಳಿನಿಂದ ತಡವಿದರು. ಕೊಟ್ಟಿಗೆ ಖಾಲಿ ಇತ್ತು, ಆದರೂ ಯಾರೋ ಮೇವು ಹಾಕಿದ್ದರು. ಕೊನೆಗೆ ನನ್ನ ಕಡೆ ಮುಖ ಮಾಡಿದರು. ದನಿಯಲ್ಲಿ ಸಿಟ್ಟು ಇರಲಿಲ್ಲ, ಇದ್ದಿದ್ದರೆ ಚೆನ್ನಾಗಿತ್ತು.

"ಇಷ್ಟು ಹೇಳಾಕ ನಿನಗ ನಾಕು ದಿನಾ ಬೇಕಾತೇನು ತಂಗಿ?"

ಮೂರು ಹಬ್ಬದ ಕರಾರು ಮುಗಿದಿತ್ತು. ಸಿನಿಮಾ ಚಾನಲ್ಲಿಗೆ ಸಿನಿಮಾ ಮರಳಿತು. ನಾನು ಮತ್ತೆ ಜಾಹೀರಾತು ಟೈಪ್ ಮಾಡುತ್ತ ಒಂದು ವಾರ ಕಳೆದೆ. ಆಮೇಲೆ ಮಾಲಕರ ಹತ್ತಿರ ಹೋಗಿ ಇನ್ನೊಂದು ಹಬ್ಬ ಕೊಡಿ ಅಂದೆ.

"ಕೊಡ್ರಿ, ಆದರ ಬಿದ್ದದ್ದನ್ನ ಬಿತ್ತು ಅಂತ ಹೇಳಾಕಿ ನಾನು. ಅದಕ್ಕ ಒಪ್ಪದಿದ್ರ ಬ್ಯಾಡ."

"ಊರ ಹಿರೇರು ಸುಮ್ನ ಬಿಡೂದಿಲ್ರಿ ಮೇಡಂ. ಹಬ್ಬದ ದಿನ ಅಂಥಾ ಮಾತು ಆಡಬಾರದು ಅಂತಾರ."

"ಅಖಾಡದ ಮೈಕಿನ್ಯಾಗ ಆಡೂದಿಲ್ರಿ. ಕಣ್ಣ ಕಾಣದವರ ಕಿವ್ಯಾಗ ಅಷ್ಟ ಆಡ್ತೇನಿ. ಕಣ್ಣಿದ್ದಾವ್ರು ನೋಡಿದ್ರ ಇಲ್ಲದ ಅಪಶಕುನ ಅವರು ಕೇಳಿದ್ರ ಹೆಂಗಾತ್ರಿ?"

ಅವರು ಬಹಳ ಹೊತ್ತು ಪೆನ್ನು ತಿರುಗಿಸುತ್ತ ಕೂತು, ಹೂಂ ಅಂದರು.

ಆ ವರ್ಷದ ಕೊನೆಯ ಹಬ್ಬ ಅಕ್ಕಿಆಲೂರಿನ ಹತ್ತಿರವೇ ಇತ್ತು. ಹದಿನಾಲ್ಕನೇ ಹೋರಿ ತಿರುವಿನಲ್ಲಿ ಎಡವಿತು. ಕೆಳಗೆ ಮೈಕು ಯಾರಿಗೂ ಸಿಗಲಿಲ್ಲ ಎಂದು ಕೂಗಿತು. ನಾನು ಹಲಗೆಯ ಸದ್ದು ಇಳಿಸಿದೆ. ಬಿತ್ತು, ಅಂದೆ. ಬಲಕ್ಕೆ ಬಿತ್ತು. ಮಂಡಿ ತರಚಿದೆ. ರಕ್ತ ಇದೆ. ಏಳುತ್ತಿದೆ. ಎದ್ದಿತು. ಕುಂಟುತ್ತ ನಡೆಯುತ್ತಿದೆ. ಮಾಳಿಗೆಯ ಮೇಲಿದ್ದ ಹೆಣ್ಣುಮಕ್ಕಳು ತಿರುಗಿ ನನ್ನನ್ನೇ ನೋಡಿದರು.

ಸಂಜೆ ಆಫೀಸಿನಲ್ಲಿ ಹಾಳೆ, ಪೆನ್ನು ಮುಂದಿಟ್ಟುಕೊಂಡು ಕೂತೆ. ತಪ್ಪುಗಳ ಪಟ್ಟಿ ಬರಬಹುದು ಅಂತ ಆಸೆ. ಎಷ್ಟೋ ಹೊತ್ತಿನ ಮೇಲೆ ಫೋನ್ ಬಡಿಯಿತು. ಸವಣೂರಿನ ಹೆಣ್ಣುಮಗಳು.

"ಅಕ್ಕಾರ, ಒಂದ ಮಾತು ಕೇಳ್ತೇನ್ರಿ. ಇವತ್ತ ಒಂದು ಹೋರಿ ಬಿತ್ತು ಅಂದ್ರಲ್ಲ, ಖರೇನ ಬಿತ್ತೇನ್ರಿ?"

"ಹೌದವಾ, ಬಿತ್ತು."



"ಇಷ್ಟು ದಿನ ನಾನು, ಹೋರಿ ಬೀಳೂದ ಇಲ್ಲ ಅಂತ ತಿಳಕೊಂಡಿದ್ದೆರಿ."